ಕಾಮಗಾರಿಯ ಕಾಲಕ್ರಮ: ಯೋಜನಾ ನಿರ್ವಹಣೆ ಮತ್ತು ವೃತ್ತಿ ಪ್ರಮಾಣಪತ್ರ ಪರೀಕ್ಷೆಯ ಸಿದ್ಧತೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದ ಉಪನ್ಯಾಸದ ಪಠ್ಯ)



ಒಂದು ಊರನ್ನು ಕಲ್ಪಿಸಿಕೊಳ್ಳಬಹುದು. ಊರ ಹೊರಗಿನ ದಿಣ್ಣೆಯ ಮೇಲೆ ಐವತ್ತು ಸಾವಿರ ಲೀಟರ್ ಸಾಮರ್ಥ್ಯದ ಮೇಲ್ಮಟ್ಟದ ಜಲಸಂಗ್ರಹಾಗಾರ ನಿಂತಿದೆ. ಬಣ್ಣ ಬಳಿದು ಮುಗಿದಿದೆ. ಯೋಜನೆಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು ಬರೆದ ಫಲಕವೂ ಇದೆ. ಬೀದಿ ಬೀದಿಗಳಲ್ಲಿ ಕೊಳವೆ ಹೂಳಲಾಗಿದೆ. ಪ್ರತಿ ಮನೆಯ ಮುಂದೆ ನಲ್ಲಿ ಎದ್ದು ನಿಂತಿದೆ. ನೀರು ಮಾತ್ರ ಬಂದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಟ್ಯಾಂಕರಿನ ದಾರಿ ಕಾಯುವ ಮಹಿಳೆಯರು ಅದೇ ತೊಟ್ಟಿಯ ನೆರಳಿನಲ್ಲಿ ಕೊಡಗಳನ್ನು ಸಾಲಾಗಿ ಇಟ್ಟು ಕುಳಿತಿದ್ದಾರೆ. ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಬಂದಾಗ ದೊರೆಯುವ ಉತ್ತರ ಮೂರೇ ಪದಗಳದ್ದು: ವಿದ್ಯುತ್ ಸಂಪರ್ಕ ಬಾಕಿ.

ಈ ಚಿತ್ರ ಸಭೆಯಲ್ಲಿರುವ ಅನೇಕರಿಗೆ ಅಪರಿಚಿತವಾಗಿರಲಾರದು. ಇಲ್ಲಿ ಹಣದ ಕೊರತೆ ಇರಲಿಲ್ಲ. ಅನುದಾನ ಬಂದಿತ್ತು, ಕ್ರಿಯಾ ಯೋಜನೆಗೆ ಅನುಮೋದನೆ ದೊರೆತಿತ್ತು, ತಾಂತ್ರಿಕ ಮಂಜೂರಾತಿ ಆಗಿತ್ತು, ಗುತ್ತಿಗೆದಾರರೂ ಕೆಲಸ ಮಾಡಿದ್ದರು. ಯಾರೊಬ್ಬರೂ ಸುಮ್ಮನೆ ಕುಳಿತಿರಲಿಲ್ಲ. ತಪ್ಪಿದ್ದು ಒಂದೇ: ಯಾವ ಕೆಲಸದ ಬಳಿಕ ಯಾವ ಕೆಲಸ, ಯಾವುದನ್ನು ಯಾವಾಗ ಆರಂಭಿಸತಕ್ಕದ್ದು ಎಂಬ ಕ್ರಮ. ಯೋಜನಾ ನಿರ್ವಹಣೆ ಎಂಬ ಶಾಸ್ತ್ರದ ಬಹುಪಾಲು ಈ ಕ್ರಮದ ವಿಚಾರವೇ ಆಗಿದೆ. ಅದರ ಪರಿಭಾಷೆ ದೊಡ್ಡ ಕಂಪನಿಗಳ ಸಭಾಂಗಣಗಳಲ್ಲಿ ಕೇಳಿಬರುವುದರಿಂದ ಅದು ಪಂಚಾಯಿತಿಗೆ ಸಂಬಂಧಿಸಿದ್ದಲ್ಲವೆಂಬ ಭಾವನೆ ಇದೆ. ಬೀಜ ತರುವ ಮುನ್ನ ಹೊಲ ಹದ ಮಾಡುವ, ಮದುವೆಗೆ ಛತ್ರ ಗೊತ್ತುಪಡಿಸಿದ ಮೇಲೆಯೇ ಲಗ್ನಪತ್ರಿಕೆ ಅಚ್ಚು ಹಾಕಿಸುವ ಜನರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಮನೆಯಲ್ಲಿ ಪಾಲಿಸುವ ಕ್ರಮವನ್ನು ಕಡತದಲ್ಲಿಯೂ ಪಾಲಿಸಬೇಕಾಗಿದೆ, ಅಷ್ಟೆ.

ಮೇಲಿನ ಊರಿನ ಕಾಮಗಾರಿಯನ್ನೇ ಲೆಕ್ಕ ಹಾಕಿ ನೋಡುವುದು ಉಚಿತ. ಇಲ್ಲಿ ಕೊಡುವ ವಾರಗಳ ಸಂಖ್ಯೆ ಕೇವಲ ಉದಾಹರಣೆಗಾಗಿ. ತಾಲ್ಲೂಕಿನಿಂದ ತಾಲ್ಲೂಕಿಗೆ ಅದು ಬದಲಾಗುತ್ತದೆ. ನಿವೇಶನದ ಪಹಣಿ ಪರಿಶೀಲಿಸಿ, ಗಡಿ ಗುರುತಿಸಿ, ಜಾಗವನ್ನು ವಶಕ್ಕೆ ಪಡೆಯಲು 3 ವಾರ. ಟೆಂಡರ್ ಕರೆದು ಕಾರ್ಯಾದೇಶ ನೀಡಲು 6 ವಾರ. ಕಾರ್ಯಾದೇಶದ ನಂತರ ಮೂರು ಕೆಲಸಗಳು ಏಕಕಾಲದಲ್ಲಿ ಆರಂಭವಾಗಬಹುದು: ಕೊಳವೆಬಾವಿ ಕೊರೆದು ಇಳುವರಿ ಅಳೆದು ನೀರಿನ ಮಾದರಿ ಪರೀಕ್ಷಿಸಲು 2 ವಾರ, ಮೇಲ್ತೊಟ್ಟಿಯ ನಿರ್ಮಾಣಕ್ಕೆ 12 ವಾರ, ಬೀದಿಯ ಕೊಳವೆ ಮಾರ್ಗಕ್ಕೆ 8 ವಾರ. ವಿದ್ಯುತ್ ಸಂಪರ್ಕದ ಅರ್ಜಿ, ಅಂದಾಜು ಪಟ್ಟಿ, ಠೇವಣಿ, ಕಂಬ, ತಂತಿ, ಪರಿವರ್ತಕ ಎಲ್ಲವೂ ಸೇರಿ 20 ವಾರ. ಪಂಪು ಅಳವಡಿಸಲು 1 ವಾರ, ಪ್ರಾಯೋಗಿಕ ಚಾಲನೆಗೆ 2 ವಾರ.

ವಿದ್ಯುತ್ ಅರ್ಜಿಯನ್ನು ಎಂದು ಸಲ್ಲಿಸಬಹುದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅರ್ಜಿಯಲ್ಲಿ ಪಂಪಿನ ಅಶ್ವಶಕ್ತಿ ನಮೂದಿಸಬೇಕು. ಅಶ್ವಶಕ್ತಿ ನಿರ್ಧಾರವಾಗುವುದು ಬಾವಿಯ ಆಳ, ನೀರಿನ ಇಳುವರಿ ಮತ್ತು ತೊಟ್ಟಿಯ ಎತ್ತರದಿಂದ. ತೊಟ್ಟಿಯ ಎತ್ತರ ನಕ್ಷೆಯಲ್ಲಿಯೇ ಇದೆ. ಆದ್ದರಿಂದ ಕೊಳವೆಬಾವಿಯ ಇಳುವರಿ ತಿಳಿದ ಮರುದಿನವೇ ಅರ್ಜಿ ಸಲ್ಲಿಸಲು ಸಾಧ್ಯ. ತೊಟ್ಟಿ ಎದ್ದು ನಿಲ್ಲುವವರೆಗೆ ಕಾಯುವ ಅಗತ್ಯವಿಲ್ಲ. ಹೀಗೆ ಮಾಡಿದಲ್ಲಿ 3, 6, 2, 20, 1, 2 ಸೇರಿ ಒಟ್ಟು 34 ವಾರ. ತೊಟ್ಟಿಯ ದಾರಿಯಲ್ಲಿ ಎಣಿಸಿದರೆ 3, 6, 12, 2 ಸೇರಿ 23 ವಾರ. ಕೊಳವೆ ಮಾರ್ಗದ ದಾರಿಯಲ್ಲಿ 19 ವಾರ. ಮೂರು ದಾರಿಗಳಲ್ಲಿ ಅತ್ಯಂತ ಉದ್ದವಾದುದೇ ಕಾಮಗಾರಿಯ ನಿಜವಾದ ಅವಧಿ. ಅದಕ್ಕೆ ನಿರ್ಣಾಯಕ ಪಥ ಎಂದು ಹೆಸರು. ಉಳಿದ ದಾರಿಗಳಿಗೆ ಬಿಡುವು ಇರುತ್ತದೆ: ತೊಟ್ಟಿಗೆ 11 ವಾರಗಳ ಬಿಡುವು, ಕೊಳವೆ ಮಾರ್ಗಕ್ಕೆ 15 ವಾರಗಳ ಬಿಡುವು.

ರೂಢಿಯಲ್ಲಿ ಆಗುವುದೇನು? ತೊಟ್ಟಿ ಕಣ್ಣಿಗೆ ಕಾಣುವ ವಸ್ತು. ಅಧ್ಯಕ್ಷರು, ಸದಸ್ಯರು, ಮೇಲಧಿಕಾರಿಗಳು ಸ್ಥಳಕ್ಕೆ ಬಂದಾಗ ಎಲ್ಲರ ದೃಷ್ಟಿ ಅತ್ತಲೇ. ತೊಟ್ಟಿ ಮುಗಿದ ಬಳಿಕವೇ ವಿದ್ಯುತ್ತಿನ ನೆನಪಾಗುತ್ತದೆ. ಆಗ ಲೆಕ್ಕ 3, 6, 12, 20, 1, 2, ಅಂದರೆ 44 ವಾರ. ಜೂನ್ 1ರಂದು ಕೆಲಸ ಆರಂಭವಾಗಿದ್ದರೆ ಮೊದಲನೆಯ ಕ್ರಮದಲ್ಲಿ ಜನವರಿ ಕೊನೆಯ ವಾರದಲ್ಲಿ ನೀರು ಬರುತ್ತದೆ. ಎರಡನೆಯ ಕ್ರಮದಲ್ಲಿ ಏಪ್ರಿಲ್ ಮೊದಲ ವಾರದಲ್ಲಿ. ಎರಡರಲ್ಲಿಯೂ ವೆಚ್ಚ ಒಂದೇ, ಶ್ರಮ ಒಂದೇ. ಆದರೆ ನಡುವೆ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳು ಕಳೆದಿರುತ್ತವೆ, ಆರ್ಥಿಕ ವರ್ಷವೂ ಮುಗಿದಿರುತ್ತದೆ. ಒಂದು ಅರ್ಜಿಯನ್ನು ಹತ್ತು ವಾರ ಮೊದಲು ಸಲ್ಲಿಸದ ಕಾರಣಕ್ಕೆ ಇಡೀ ಊರು ಒಂದು ಬೇಸಿಗೆಯನ್ನು ಟ್ಯಾಂಕರಿನ ಹಿಂದೆ ಕಳೆಯಬೇಕಾಗುತ್ತದೆ. ಆ ಟ್ಯಾಂಕರಿನ ಬಾಡಿಗೆಯೂ ಪಂಚಾಯಿತಿಯ ಮೇಲೆಯೇ ಬೀಳುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿದುಬರುತ್ತದೆ. ಕೆಲಸ ನಿಧಾನವಾಗಿದೆ ಎನಿಸಿದಾಗ ಸದಸ್ಯರು ಗುತ್ತಿಗೆದಾರರನ್ನು ಕರೆದು ಹೆಚ್ಚು ಗಾರೆಯವರನ್ನು ಹಾಕುವಂತೆ ಒತ್ತಾಯಿಸುವುದುಂಟು. ತೊಟ್ಟಿಯನ್ನು 12 ವಾರಗಳ ಬದಲು 8 ವಾರಗಳಲ್ಲಿ ಮುಗಿಸಿದರೂ ಮೊದಲನೆಯ ಕ್ರಮದಲ್ಲಿ ನೀರು ಒಂದು ದಿನವೂ ಮುಂಚಿತವಾಗಿ ಬರುವುದಿಲ್ಲ. ಬಿಡುವು ಇರುವ ಕೆಲಸಕ್ಕೆ ಅವಸರ ಮಾಡಿದರೆ ಲಾಭವಿಲ್ಲ, ನಷ್ಟವಂತೂ ಉಂಟು. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕೆಂದು ಭಾರತೀಯ ಮಾನಕ 456 ವಿಧಿಸುತ್ತದೆ. ಅವಸರದಲ್ಲಿ ಮೊದಲು ಕೈಬಿಡುವುದು ಈ ನೀರುಣಿಕೆಯನ್ನೇ. ಅದರ ಫಲ ಐದಾರು ವರ್ಷಗಳ ನಂತರ ತೊಟ್ಟಿಯ ತಳದಲ್ಲಿ ಜಿನುಗಾಗಿ ಕಾಣಿಸಿಕೊಳ್ಳುತ್ತದೆ. ಆ ವೇಳೆಗೆ ಸಭೆಯಲ್ಲಿರುವವರು ಬೇರೆಯವರಾಗಿರುತ್ತಾರೆ.

ನೀರಿನ ಪರೀಕ್ಷೆಯನ್ನು ಬಾವಿ ಕೊರೆದ ಕೂಡಲೇ ಮಾಡಿಸಬೇಕೆಂದು ಮೇಲೆ ಹೇಳಿದ್ದಕ್ಕೂ ಇದೇ ತರ್ಕ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ 10500ರ ಮಿತಿ. ಪಾವಗಡ, ಬಾಗೇಪಲ್ಲಿಯಂತಹ ತಾಲ್ಲೂಕುಗಳ ಜನರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕೊಳವೆ ಹೂತು, ತೊಟ್ಟಿ ಕಟ್ಟಿ, ಕಡೆಗೆ ಮಾದರಿ ಕಳುಹಿಸಿದಾಗ ಫಲಿತಾಂಶ ಪ್ರತಿಕೂಲವಾಗಿ ಬಂದರೆ ಆ ಎಲ್ಲ ವೆಚ್ಚ ಅನಿಶ್ಚಿತವಾಗುತ್ತದೆ. ಎರಡು ವಾರಗಳ ಕೆಲಸದೊಳಗೆ ಸೇರಿಸಿದರೆ ಹೋಗುವುದು ಒಂದು ಬಾವಿಯ ವೆಚ್ಚ ಮಾತ್ರ. ಅತ್ಯಂತ ಅನಿಶ್ಚಿತವಾದ ಸಂಗತಿಯನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸುವುದು ಈ ಶಾಸ್ತ್ರದ ಬಹು ಮುಖ್ಯ ಅಭ್ಯಾಸ. ಅಪಾಯಗಳ ಪಟ್ಟಿ ಎಂದು ಅದನ್ನು ಬರೆದಿಡುತ್ತಾರೆ: ಮಳೆ, ಜಾಗದ ತಕರಾರು, ನ್ಯಾಯಾಲಯದ ತಡೆಯಾಜ್ಞೆ, ಬತ್ತಿದ ಬಾವಿ, ಮರಳಿನ ಅಭಾವ, ಪ್ರತಿಯೊಂದರ ಮುಂದೆ ಅದನ್ನು ನೋಡಿಕೊಳ್ಳಬೇಕಾದ ಒಬ್ಬ ವ್ಯಕ್ತಿಯ ಹೆಸರು. ಹೆಸರಿಲ್ಲದ ಪಟ್ಟಿ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ನಿರ್ಣಾಯಕ ಪಥದ ಲೆಕ್ಕವನ್ನು ಶಾಸ್ತ್ರವಾಗಿ ರೂಪಿಸಿದ್ದು ಅಮೆರಿಕದಲ್ಲಿ. 1957ರ ಹೊತ್ತಿಗೆ ಡ್ಯೂಪಾಂಟ್ ಎಂಬ ರಾಸಾಯನಿಕ ಕಂಪನಿ ತನ್ನ ಕಾರ್ಖಾನೆಗಳ ನಿರ್ಮಾಣ ಮತ್ತು ದುರಸ್ತಿಗಾಗಿ ಇದನ್ನು ಬಳಸತೊಡಗಿತು. ಮರುವರ್ಷ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಇದಕ್ಕೆ ಸಮೀಪದ ಇನ್ನೊಂದು ವಿಧಾನವನ್ನು ರೂಪಿಸಿತು. ಅದಕ್ಕೂ ಬಹಳ ಮೊದಲು ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರರು ಕಾಲವನ್ನು ಅಡ್ಡಪಟ್ಟಿಗಳಲ್ಲಿ ತೋರಿಸುವ ಚಿತ್ರವನ್ನು ಪ್ರಚಾರಕ್ಕೆ ತಂದಿದ್ದರು. ಇಂದು ಗುತ್ತಿಗೆದಾರರು ಸಲ್ಲಿಸುವ ಕಾರ್ಯಕ್ರಮ ಪಟ್ಟಿಗಳು ಬಹುತೇಕ ಅದೇ ಮಾದರಿಯವು.

ಕರ್ನಾಟಕದ ಜನರ ಕಣ್ಣ ಮುಂದೆಯೇ ನಡೆದ ದೊಡ್ಡ ಪಾಠ ಕೊಂಕಣ ರೈಲ್ವೆ. ರೋಹಾದಿಂದ ಮಂಗಳೂರಿನ ಸಮೀಪದವರೆಗೆ ಮಹಾರಾಷ್ಟ್ರ, ಗೋವಾ, ಕರ್ನಾಟಕಗಳನ್ನು ಹಾದುಹೋಗುವ ಈ ಮಾರ್ಗಕ್ಕಾಗಿ 1990ರ ಜುಲೈನಲ್ಲಿ ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಆಗ ರೈಲ್ವೆ ಸಚಿವರು, ಇ. ಶ್ರೀಧರನ್ ನಿಗಮದ ಅಧ್ಯಕ್ಷರು ಹಾಗೂ ವ್ಯವಸ್ಥಾಪಕ ನಿರ್ದೇಶಕರು. ಐದು ವರ್ಷಗಳಲ್ಲಿ ಮುಗಿಸುವ ಗುರಿ ಇತ್ತು. ಸುಮಾರು 42 ಸಾವಿರ ಭೂಮಾಲೀಕರಿಂದ ಜಮೀನು ಪಡೆಯಬೇಕಾಗಿತ್ತು. ಎರಡು ಸಾವಿರದಷ್ಟು ಸಣ್ಣ ದೊಡ್ಡ ಸೇತುವೆಗಳು, ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ಹೊನ್ನಾವರದ ಬಳಿ ಶರಾವತಿಗೆ ಕಟ್ಟಿದ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆ ಈ ಮಾರ್ಗದಲ್ಲಿಯೇ ಅತ್ಯಂತ ಉದ್ದವಾದುದು.

ಈ ಯೋಜನೆಯಲ್ಲಿ ಎರಡು ಅಭ್ಯಾಸಗಳು ಗಮನಾರ್ಹ. ಮೊದಲನೆಯದು, ಕೆಲಸವನ್ನು ತುಂಡು ತುಂಡಾಗಿ ವಿಂಗಡಿಸಿ, ಮುಗಿದ ತುಂಡನ್ನು ಕೂಡಲೇ ಬಳಕೆಗೆ ತಂದದ್ದು. ಮಂಗಳೂರು ಉಡುಪಿ ನಡುವಿನ ಭಾಗ 1993ರಲ್ಲಿಯೇ ಸಂಚಾರಕ್ಕೆ ತೆರೆಯಿತು; ಇಡೀ ಮಾರ್ಗಕ್ಕಾಗಿ ಅದು ಕಾಯಲಿಲ್ಲ. ಎರಡನೆಯದು, ನಿರ್ಧಾರದ ಅಧಿಕಾರವನ್ನು ಸ್ಥಳದಲ್ಲಿರುವ ಎಂಜಿನಿಯರರಿಗೆ ವಹಿಸಿದ್ದು. ಹಾಗಿದ್ದರೂ ಕೆಲಸ ಐದು ವರ್ಷಗಳಲ್ಲಿ ಮುಗಿಯಲಿಲ್ಲ. ಗೋವಾದಲ್ಲಿ ಮಾರ್ಗದ ಜಾಡಿನ ಬಗ್ಗೆ ತೀವ್ರ ವಿರೋಧ ಎದ್ದು, ವಿಚಾರಣಾ ಆಯೋಗ ನೇಮಕವಾಗಿ, ಕೆಲಸ ಕೆಲಕಾಲ ನಿಂತಿತು. ಮೆದು ಮಣ್ಣಿನ ಸುರಂಗಗಳು ಮತ್ತೆ ಮತ್ತೆ ಕುಸಿದವು. ಗೋವಾದ ಪೆರ್ನೆಂ ಸುರಂಗ ಕಡೆಯವರೆಗೂ ಕಾಡಿತು. ಬೃಹತ್ ಸೇತುವೆಗಳು ಸಿದ್ಧವಾಗಿದ್ದರೂ ರೈಲು ಓಡಲು ಆ ಮಣ್ಣು ಬಿಡಲಿಲ್ಲ. ಸಂಪೂರ್ಣ ಮಾರ್ಗ ಲೋಕಾರ್ಪಣೆಯಾದದ್ದು 1998ರ ಜನವರಿ 26ರಂದು. ನಿರ್ಣಾಯಕ ಪಥ ಕಣ್ಣಿಗೆ ದೊಡ್ಡದಾಗಿ ಕಾಣುವ ಕೆಲಸದಲ್ಲಿ ಇರಲಿಲ್ಲ. ನೆಲದೊಳಗೆ ಮತ್ತು ಜನರ ಒಪ್ಪಿಗೆಯಲ್ಲಿ ಇತ್ತು. ಶ್ರೀಧರನ್ ಅವರು ಮುಂದೆ ದೆಹಲಿ ಮೆಟ್ರೋ ಯೋಜನೆಯಲ್ಲಿ ಉಳಿದ ದಿನಗಳನ್ನು ಇಳಿಮುಖವಾಗಿ ಎಣಿಸುವ ಫಲಕಗಳನ್ನು ಕಚೇರಿಗಳಲ್ಲಿ ಇರಿಸಿದ್ದು ಪ್ರಸಿದ್ಧ. ಪಂಚಾಯಿತಿ ಕಚೇರಿಯ ಕಪ್ಪುಹಲಗೆಯ ಒಂದು ಮೂಲೆ ಅದಕ್ಕೆ ಸಾಕು.

ಜನರ ಒಪ್ಪಿಗೆಯ ವಿಷಯದಲ್ಲಿ ಗ್ರಾಮ ಪಂಚಾಯಿತಿಗೆ ಇರುವ ಅನುಕೂಲ ದೊಡ್ಡ ನಿಗಮಗಳಿಗೆ ಇಲ್ಲ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳನ್ನು ಕಡ್ಡಾಯಗೊಳಿಸಿದೆ. ಯೋಜನಾ ನಿರ್ವಹಣೆಯ ಗ್ರಂಥಗಳು ಸಂಬಂಧಪಟ್ಟವರನ್ನು ಗುರುತಿಸಿ ಆರಂಭದಲ್ಲೇ ಅವರ ಮಾತು ಕೇಳಬೇಕೆಂದು ಪುಟಗಟ್ಟಲೆ ಬರೆಯುತ್ತವೆ. ಆ ಕೇಳುವ ವೇದಿಕೆ ಇಲ್ಲಿ ಕಾನೂನಿನಲ್ಲಿಯೇ ಇದೆ. ಅದನ್ನು ಸಹಿ ಸಂಗ್ರಹದ ಶಾಸ್ತ್ರವಾಗಿ ಮುಗಿಸಿದಲ್ಲಿ ತಕರಾರು ಹೋಗುವುದಿಲ್ಲ. ಜೆಸಿಬಿ ಬಂದು ನಿಂತ ದಿನ ಅದು ಎದುರಿಗೆ ಬರುತ್ತದೆ.

ಈಗ ಸದಸ್ಯರಿಗೆ ಸ್ವಲ್ಪ ಅಪ್ರಿಯವಾಗಬಹುದಾದ ವಿಷಯ. ಕಾಮಗಾರಿ ನಡೆಯುತ್ತಿರುವಾಗ ಚರಂಡಿಯನ್ನು ಇನ್ನೂ ಇಪ್ಪತ್ತು ಮೀಟರ್ ಮುಂದುವರಿಸಿ, ರಸ್ತೆಯನ್ನು ಆ ಮನೆಯವರೆಗೆ ತಿರುಗಿಸಿ ಎಂಬ ಮಾತು ಸಾಮಾನ್ಯ. ಕೇಳುವವರ ಉದ್ದೇಶ ಒಳ್ಳೆಯದೇ ಆಗಿರುತ್ತದೆ. ಆದರೆ ಅಂದಾಜು ಪಟ್ಟಿಯಲ್ಲಿ ಇಲ್ಲದ ಇಪ್ಪತ್ತು ಮೀಟರಿನ ಸಿಮೆಂಟು ಎಲ್ಲಿಂದ ಬರುತ್ತದೆ? ಒಂದೋ ಗುತ್ತಿಗೆದಾರರ ಬಿಲ್ಲು ಬಾಕಿ ಉಳಿಯುತ್ತದೆ, ಇಲ್ಲವೇ ಉಳಿದ ಚರಂಡಿಯ ದಪ್ಪ ಕಡಿಮೆಯಾಗುತ್ತದೆ. ಎರಡನೆಯದನ್ನು ಯಾರೂ ಹೇಳುವುದಿಲ್ಲ. ಬದಲಾವಣೆ ಬೇಡವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕೋರಿಕೆ ಲಿಖಿತವಾಗಿರಬೇಕು, ಅದರಿಂದ ವೆಚ್ಚ, ಅವಧಿ, ಗುಣಮಟ್ಟಗಳಿಗೆ ಆಗುವ ಪರಿಣಾಮವನ್ನು ಎಂಜಿನಿಯರರು ಲೆಕ್ಕ ಹಾಕಿ ತಿಳಿಸಬೇಕು, ಪರಿಷ್ಕೃತ ಅಂದಾಜಿಗೆ ಸಕ್ಷಮ ಪ್ರಾಧಿಕಾರದ ಮಂಜೂರಾತಿ ದೊರೆತ ನಂತರವೇ ಕೆಲಸ ಆರಂಭವಾಗಬೇಕು. ಸ್ಥಳದಲ್ಲಿ ನಿಂತು ಬಾಯಿಮಾತಿನಲ್ಲಿ ನೀಡಿದ ಸೂಚನೆಗೆ ಲೆಕ್ಕ ಪರಿಶೋಧನೆಯ ದಿನ ಸಾಕ್ಷಿ ಇರುವುದಿಲ್ಲ. ಆಕ್ಷೇಪಣೆಗೆ ಉತ್ತರ ಬರೆಯಬೇಕಾದವರು ಆಗ ಬೇರೆಡೆಗೆ ವರ್ಗವಾಗಿರಲೂಬಹುದು.

ಪ್ರಗತಿಯನ್ನು ಅಳೆಯುವ ರೀತಿಯೂ ಇಷ್ಟೇ ಮಹತ್ವದ್ದು. 300 ಮೀಟರ್ ಚರಂಡಿ, ಅಂದಾಜು 6 ಲಕ್ಷ ರೂಪಾಯಿ, ಅವಧಿ 6 ವಾರ ಎಂದಿಟ್ಟುಕೊಳ್ಳಬಹುದು. ಮೂರು ವಾರಗಳ ನಂತರದ ಸಭೆಯಲ್ಲಿ 3 ಲಕ್ಷ ರೂಪಾಯಿ ವೆಚ್ಚವಾಗಿದೆ, ಶೇಕಡ 50 ಪ್ರಗತಿ ಎಂದು ವರದಿಯಾಗುತ್ತದೆ. ಸ್ಥಳದಲ್ಲಿ ನೋಡಿದರೆ ಪೂರ್ತಿ ಉದ್ದಕ್ಕೂ ಅಗೆದಿದ್ದಾರೆ, ತಳದ ಕಾಂಕ್ರೀಟ್ ಹಾಕಿದ್ದಾರೆ. ಗೋಡೆ ಮತ್ತು ಮುಚ್ಚು ಚಪ್ಪಡಿ ಮುಗಿದಿರುವುದು 100 ಮೀಟರಿಗೆ ಮಾತ್ರ. ಅಳತೆ ಪುಸ್ತಕದ ಪ್ರಕಾರ ಪಾವತಿ ಸರಿಯಾಗಿಯೇ ಇರಬಹುದು. ಆದರೆ ಬಳಕೆಗೆ ಸಿದ್ಧವಾದ ಚರಂಡಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಗಳಿಸಿದ ಮೌಲ್ಯ 2 ಲಕ್ಷ. ಈ ದಿನಕ್ಕೆ ಗಳಿಸಬೇಕಾಗಿದ್ದುದು 3 ಲಕ್ಷ. ಮುಗಿಯುವವರೆಗೆ ಸೊನ್ನೆ, ಮುಗಿದ ಮೇಲೆ ನೂರು ಎಂಬ ಈ ಎಣಿಕೆ ಸ್ವಲ್ಪ ಕಠಿಣವಾದುದು. ಆದರೂ ಮನೆಗಳ ಬಾಗಿಲ ಮುಂದೆ ತೆರೆದ ಗುಂಡಿ ಇರುವ 200 ಮೀಟರಿನ ಜನರು ಎಣಿಸುವುದು ಹೀಗೆಯೇ. ಮಳೆಗಾಲ ಸಮೀಪಿಸಿದಾಗ ಪೂರ್ತಿ ಉದ್ದವನ್ನು ಒಮ್ಮೆಗೇ ಅಗೆಯಲು ಬಿಡದೆ, ಐವತ್ತು ಐವತ್ತು ಮೀಟರ್ ಮುಗಿಸಿ ಮುಂದೆ ಹೋಗುವಂತೆ ಕಾರ್ಯಾದೇಶದಲ್ಲಿಯೇ ನಮೂದಿಸಿದರೆ ಉತ್ತಮ.

ಇನ್ನು ಪ್ರಮಾಣಪತ್ರ ಪರೀಕ್ಷೆಯ ವಿಚಾರ. ಇದು ಸದಸ್ಯರ ಮುಂದೆ ಬರುವುದಕ್ಕೆ ಕಾರಣವಿದೆ. ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮುಗಿಸಿದ ಊರಿನ ಯುವಜನರು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಪಿಎಂಪಿ ಇದ್ದರೆ ಸಂಬಳ ಹೆಚ್ಚು ಎಂಬ ಮಾತು ಕೇಳುತ್ತಾರೆ. ಖಚಿತ ತೇರ್ಗಡೆಯ ಭರವಸೆ ನೀಡುವ ತರಬೇತಿಗೆ ಮನೆಯವರು ಸಾಲ ಮಾಡಿ ಹಣ ಕಟ್ಟುತ್ತಾರೆ. ಬಳಿಕ ಅನುಭವ ಪತ್ರ ಕೇಳಿಕೊಂಡು ಪಂಚಾಯಿತಿಗೆ ಬರುತ್ತಾರೆ. ಸಲಹೆ ಕೇಳಿದ ಪೋಷಕರಿಗೆ ಸರಿಯಾದ ಮಾಹಿತಿ ನೀಡುವಷ್ಟು ತಿಳಿವಳಿಕೆ ಸದಸ್ಯರಲ್ಲಿ ಇರುವುದು ಅಪೇಕ್ಷಣೀಯ.

ಪಿಎಂಪಿ ಎಂಬುದು 1969ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ನೀಡುವ ಪ್ರಮಾಣಪತ್ರ, 1984ರಿಂದ ನೀಡಲಾಗುತ್ತಿದೆ. ಇದು ಈಗಷ್ಟೇ ಪದವಿ ಮುಗಿಸಿದವರಿಗೆ ಉದ್ದೇಶಿಸಿದ್ದಲ್ಲ. ನಾಲ್ಕು ವರ್ಷಗಳ ಪದವಿ ಪಡೆದವರು ಯೋಜನೆಗಳನ್ನು ಮುನ್ನಡೆಸಿದ 36 ತಿಂಗಳ ಅನುಭವವನ್ನೂ, ಡಿಪ್ಲೊಮಾ ಹೊಂದಿದವರು 60 ತಿಂಗಳ ಅನುಭವವನ್ನೂ ತೋರಿಸಬೇಕೆಂಬುದು 2021ರ ಪಠ್ಯರೂಪದೊಂದಿಗೆ ಅನ್ವಯವಾದ ಅರ್ಹತೆ. ಒಂದೇ ತಿಂಗಳಲ್ಲಿ ಎರಡು ಯೋಜನೆ ನಡೆಸಿದ್ದರೂ ಅದು ಒಂದೇ ತಿಂಗಳು. ಇದರೊಂದಿಗೆ 35 ಗಂಟೆಗಳ ತರಬೇತಿ ಕಡ್ಡಾಯ. ಅನುಭವವಿಲ್ಲದವರಿಗೆ ಅದೇ ಸಂಸ್ಥೆಯ ಸಿಎಪಿಎಂ ಎಂಬ ಪ್ರಾರಂಭಿಕ ಪರೀಕ್ಷೆ ಇದೆ. ಅದಕ್ಕೆ 23 ಗಂಟೆಗಳ ಅಧ್ಯಯನ ಸಾಕು, 3 ಗಂಟೆಗಳಲ್ಲಿ 150 ಪ್ರಶ್ನೆ. ಹೊಸದಾಗಿ ಪದವಿ ಮುಗಿಸಿದವರನ್ನು ನೇರವಾಗಿ ಪಿಎಂಪಿ ತರಬೇತಿಗೆ ಸೇರಿಸಿಕೊಳ್ಳುವ ಕೇಂದ್ರ ಅವರಿಗೆ ಅರ್ಹತೆಯ ವಿಷಯ ತಿಳಿಸಿದೆಯೇ ಎಂದು ಹಣ ಕಟ್ಟುವ ಮುನ್ನ ಕೇಳುವುದು ಒಳಿತು.

2021ರ ಜನವರಿಯಲ್ಲಿ ಜಾರಿಗೆ ಬಂದ ಪಠ್ಯರೂಪದಲ್ಲಿ ಪಿಎಂಪಿ ಪರೀಕ್ಷೆಗೆ 230 ನಿಮಿಷ, 180 ಪ್ರಶ್ನೆ. ಜನರನ್ನು ಮುನ್ನಡೆಸುವುದಕ್ಕೆ ಶೇಕಡ 42, ಕಾರ್ಯವಿಧಾನಕ್ಕೆ 50, ವ್ಯಾವಹಾರಿಕ ಪರಿಸರಕ್ಕೆ 8. ತೇರ್ಗಡೆಯ ಅಂಕವನ್ನು ಸಂಸ್ಥೆ ಪ್ರಕಟಿಸುವುದಿಲ್ಲ. ಇಷ್ಟು ಶೇಕಡ ಬಂದರೆ ಪಾಸು ಎಂದು ಹೇಳುವವರು ಊಹಿಸಿ ಹೇಳುತ್ತಿದ್ದಾರೆ. ಪಠ್ಯರೂಪ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. 2017ರ ಆರನೆಯ ಆವೃತ್ತಿಯ ಕೈಪಿಡಿಯಲ್ಲಿ 49 ಪ್ರಕ್ರಿಯೆಗಳಿದ್ದವು. 2021ರ ಏಳನೆಯ ಆವೃತ್ತಿ ಅದನ್ನು ಬಿಟ್ಟು 12 ತತ್ತ್ವಗಳ ದಾರಿ ಹಿಡಿಯಿತು. ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವ ಹಳೆಯ ಪುಸ್ತಕ ಕೊಳ್ಳುವ ಮೊದಲು ಪ್ರಚಲಿತ ಪಠ್ಯರೂಪವನ್ನು ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಂಡು ನೋಡಬೇಕು, ಅದು ಉಚಿತ.

ಪ್ರಶ್ನೆಗಳು ಕಂಠಪಾಠಕ್ಕೆ ಒಲಿಯುವಂಥವಲ್ಲ. ಒಂದು ಸನ್ನಿವೇಶ ಕೊಟ್ಟು, ಮುಖ್ಯಸ್ಥರು ಮೊದಲು ಏನು ಮಾಡಬೇಕು ಎಂದು ಕೇಳುತ್ತಾರೆ. ಮಾದರಿಗೆ: ಚರಂಡಿ ಕೆಲಸ ಅರ್ಧ ಮುಗಿದಿದೆ, ಪ್ರಭಾವಿಗಳೊಬ್ಬರು ಇನ್ನಿಪ್ಪತ್ತು ಮೀಟರ್ ಮುಂದುವರಿಸಲು ಹೇಳುತ್ತಾರೆ. ಕೂಡಲೇ ಒಪ್ಪುವುದೇ, ನಿರಾಕರಿಸುವುದೇ, ಮೇಲಧಿಕಾರಿಗೆ ದೂರು ನೀಡುವುದೇ, ಪರಿಣಾಮವನ್ನು ಅಂದಾಜು ಮಾಡಿ ಬದಲಾವಣೆಯ ನಿಗದಿತ ವಿಧಾನದಂತೆ ಮಂಡಿಸುವುದೇ? ನಾಲ್ಕನೆಯದು ಸರಿ. ಪಂಚಾಯಿತಿ ಕಾಮಗಾರಿ ಕಂಡವರಿಗೆ ಇಂತಹ ಪ್ರಶ್ನೆ ಕಠಿಣವಲ್ಲ. ಕಠಿಣವಾಗುವುದು ಇಂಗ್ಲಿಷಿನ ದೀರ್ಘ ವಾಕ್ಯಗಳನ್ನು ಒಂದೂಕಾಲು ನಿಮಿಷದಲ್ಲಿ ಓದಿ ತಿಳಿಯುವುದು. ಪರೀಕ್ಷೆ ಕನ್ನಡದಲ್ಲಿ ಲಭ್ಯವಿಲ್ಲ. ಆದ್ದರಿಂದ ಗ್ರಾಮೀಣ ಅಭ್ಯರ್ಥಿಗಳು ಸಿದ್ಧತೆಯ ಬಹುಭಾಗವನ್ನು ಗಡಿಯಾರ ಇಟ್ಟುಕೊಂಡು ಮಾದರಿ ಪ್ರಶ್ನೆ ಓದುವುದಕ್ಕೆ, ತಪ್ಪಿದ ಉತ್ತರ ಏಕೆ ತಪ್ಪಿತೆಂದು ಕನ್ನಡದಲ್ಲೇ ಬರೆದಿಡುವುದಕ್ಕೆ ಮೀಸಲಿಡುವುದು ಸೂಕ್ತ. ಎನ್‌ಪಿಟಿಇಎಲ್ ಮೂಲಕ ಐಐಟಿಗಳ ಅಧ್ಯಾಪಕರ ಯೋಜನಾ ನಿರ್ವಹಣೆಯ ಪಾಠಗಳನ್ನು ಹಣ ಕೊಡದೆ ಕೇಳಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಗಣಕಯಂತ್ರ ಮತ್ತು ಅಂತರ್ಜಾಲ ಇರುವೆಡೆ ಸಂಜೆಯ ಎರಡು ಗಂಟೆ ಇದಕ್ಕೆ ಬಿಟ್ಟುಕೊಟ್ಟರೆ ವಿಶೇಷ ವೆಚ್ಚವೇನೂ ಇಲ್ಲ.

2021ರ ಪಠ್ಯರೂಪದ ಪ್ರಶ್ನೆಗಳಲ್ಲಿ ಅರ್ಧದಷ್ಟು ಅಜೈಲ್ ಮತ್ತು ಮಿಶ್ರ ವಿಧಾನಗಳ ಕುರಿತಾಗಿದ್ದವು. ಸಣ್ಣ ಸುತ್ತುಗಳಲ್ಲಿ ಮಾಡಿ, ಫಲ ನೋಡಿ, ತಿದ್ದಿಕೊಂಡು ಮುಂದುವರಿಯುವುದು ಅದರ ಸಾರ. ಹಸಿ ಕಸ ಒಣ ಕಸ ವಿಂಗಡಣೆಯನ್ನು ಒಂದು ವಾರ್ಡಿನಲ್ಲಿ ಆರಂಭಿಸಿ, ವಾಹನದ ಸಮಯ ಸರಿಪಡಿಸಿಕೊಂಡು ಮುಂದಿನ ವಾರ್ಡಿಗೆ ಹೋಗುವುದಕ್ಕೆ ಅದು ಯುಕ್ತ. ಮೇಲ್ತೊಟ್ಟಿಗೆ ಅಲ್ಲ, ಕಂಬ ಎತ್ತಿದ ಮೇಲೆ ಎತ್ತರ ತಿದ್ದಲಾಗದು.

ಅರ್ಜಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಅರ್ಜಿಯಲ್ಲಿನ ಹೆಸರು ಸರ್ಕಾರಿ ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಪೂರ್ಣ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮುಂದೆ ಇರುವ ಕನ್ನಡಿಗರಿಗೆ ಪರೀಕ್ಷೆಯ ದಿನ ಬಾಗಿಲಲ್ಲೇ ತೊಡಕಾಗಬಹುದು. ತಿದ್ದುಪಡಿ ಮೊದಲೇ ಆಗಬೇಕು.

ಎರಡನೆಯದು ಅನುಭವ ಪತ್ರ. ಸಲ್ಲಿಕೆಯಾದ ಅರ್ಜಿಗಳಲ್ಲಿ ಕೆಲವನ್ನು ಸಂಸ್ಥೆ ಆಯ್ದು ಪರಿಶೀಲಿಸುತ್ತದೆ. ಆಗ ಕೆಲಸ ನೋಡಿದ ಮೇಲ್ವಿಚಾರಕರ ದೃಢೀಕರಣ ಕೇಳುತ್ತದೆ. ಕುಡಿಯುವ ನೀರಿನ ಕಾಮಗಾರಿಯಲ್ಲಿ ಗುತ್ತಿಗೆದಾರರ ಬಳಿ ಆರು ತಿಂಗಳು ಹಾಜರಿ ಬರೆದವರಿಗೆ ಮೂರು ವರ್ಷ ಯೋಜನೆ ಮುನ್ನಡೆಸಿದರೆಂದು ಪತ್ರ ಕೊಡಿಸುವಂತೆ ಸದಸ್ಯರ ಮೇಲೆ ಒತ್ತಡ ಬರಬಹುದು. ಕೇಳುವವರು ನೆರೆಯವರೇ, ಬಂಧುಗಳೇ ಆಗಿರುತ್ತಾರೆ. ಇಲ್ಲ ಎನ್ನುವುದು ಸುಲಭವಲ್ಲ. ಆದರೆ ಪರಿಶೀಲನೆಯಲ್ಲಿ ಅಸತ್ಯ ಹೊರಬಿದ್ದರೆ ಅರ್ಜಿಯೊಂದಿಗೆ ಆ ಯುವಕನ ಅಥವಾ ಯುವತಿಯ ಮುಂದಿನ ಅವಕಾಶಗಳೂ ಕೆಡುತ್ತವೆ, ಪಂಚಾಯಿತಿಯ ಮುದ್ರೆಯ ಮಾತಂತೂ ಇದ್ದೇ ಇದೆ. ಆರು ತಿಂಗಳ ಕೆಲಸವನ್ನು ಆರು ತಿಂಗಳೆಂದೇ, ಕಾಮಗಾರಿಯ ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕ, ಮಾಡಿದ ನಿರ್ದಿಷ್ಟ ಕೆಲಸಗಳ ವಿವರದೊಂದಿಗೆ ಬರೆದ ಪತ್ರ ಸಿಎಪಿಎಂ ಬರೆದವರಿಗೆ ಕೆಲಸದ ಸಂದರ್ಶನದಲ್ಲಿ ಪ್ರಯೋಜನಕ್ಕೆ ಬರುತ್ತದೆ. ಅಂತಹ ಪತ್ರಕ್ಕೆ ಆಧಾರವಾಗುವುದು ಕಾಮಗಾರಿ ಕಡತದಲ್ಲಿರುವ ವಾರದ ವರದಿಗಳು. ಮೇಲೆ ಹೇಳಿದ ವಾರವಾರದ ಪಟ್ಟಿಯನ್ನು ಪಂಚಾಯಿತಿ ಇಟ್ಟಿದ್ದರೆ, ಯಾರು ಯಾವ ವಾರ ಏನು ಮಾಡಿದರೆಂದು ಅದನ್ನು ನೋಡಿ ಬರೆಯಬಹುದು. ಪತ್ರದ ಒಂದು ಪ್ರತಿಯನ್ನು ಅದೇ ಕಡತದಲ್ಲಿ ಇರಿಸತಕ್ಕದ್ದು.